ಹಾಡು ಯಾರದು, ಬೇಜಾರು ಯಾರದು?

ಕೆಂಗೇರಿ ಉಪನಗರದಲ್ಲಿ ಭಾನುವಾರ ಸಂಜೆ ಸೇರಿ ಹಾಡುವ ನಾವು ಮೊದಲು ಇಪ್ಪತ್ತು ಜನ ಇದ್ದೆವು. ಈಗ ಒಂಬತ್ತು. ಮಳೆ ಬಂದರೆ ನಾಲ್ಕು. ಬಿಟ್ಟು ಹೋದವರನ್ನು ಬೈದುಕೊಂಡೆವು: ಕೆಲಸ ಸಿಕ್ಕಿತು, ಸೈಟು ಸಿಕ್ಕಿತು, ಹೋರಾಟ ಮರೆತರು ಅಂತ. ಬೈಯೋದು ಸುಲಭ. ನಿಜ ಹೇಳಬೇಕೆಂದರೆ ಉಳಿದ ನಮಗೂ ಬೇಜಾರಾಗಿತ್ತು. ಅದೇ ಹಸಿವಿನ ಹಾಡು, ಅದೇ ರಾಗ, ಅದೇ ಜಾಗಕ್ಕೆ ಬಂದಾಗ ಮುಷ್ಟಿ ಮೇಲೆ. ಬಾಯಿ ಹಾಡುತ್ತಿತ್ತು, ಮನಸ್ಸು ಕೊನೇ ಬಸ್ಸಿನ ಲೆಕ್ಕ ಹಾಕುತ್ತಿತ್ತು.

ಹಸಿದವರ ಹಾಡು ಹಾಡುತ್ತ ಬೇಜಾರಾಗುವುದು ತಪ್ಪೆ? ಇದನ್ನು ಬಾಯಿಬಿಟ್ಟು ಕೇಳೋಕೆ ನಮಗೆ ನಾಚಿಕೆ.

1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. 'ಸಮುದಾಯ' ಹುಟ್ಟಿದ್ದೂ ಆ ವರ್ಷವೇ. ಆಗ ಯಾವ ಹಾಡು ಆರಿಸಬೇಕು ಅಂತ ಯಾರೂ ಸಭೆ ಕರೆಯಲಿಲ್ಲ. ಅಕ್ಷರ ಬರದವರೂ ಕಿವಿಯಲ್ಲೇ ಕಲಿತು ಕೇರಿಗೆ ಒಯ್ದರು, ಯಾಕೆಂದರೆ ಅದು ಅವರಿಗೆ ಬೇಕಾಗಿತ್ತು. ನಾವು ಮಾಡಿದ್ದೇನು? ಆ ಹಾಡುಗಳನ್ನು ದೇವರ ಪಟದ ಹಾಗೆ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದೆವು. ವಾರಕ್ಕೊಮ್ಮೆ ಪೂಜೆ. ಪೂಜೆಯನ್ನು ಬೈಯುವ ನಾವೇ!

ಒಂದು ಸಂಜೆ ರಸ್ತೆ ಗುಡಿಸುವ ಅವ್ವ ಒಬ್ಬಳು ಪೊರಕೆ ಪಕ್ಕಕ್ಕಿಟ್ಟು ಕೂತು ಕೇಳಿದಳು. ಮುಗಿದ ಮೇಲೆ, 'ಏನ್ರಪ್ಪಾ, ನಮ್ಮ ಕಷ್ಟ ನಮಗೇ ಹೇಳ್ತೀರಲ್ಲ, ನಮಗೆ ಗೊತ್ತಿಲ್ವ? ಒಂದು ಸೋಬಾನೆ ಹೇಳ್ರಪ್ಪ' ಅಂದಳು. ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಅವಳೇ ಎತ್ತಿಕೊಂಡಳು. ಅವಳ ಶ್ರುತಿಗೆ ನಮ್ಮ ಗಂಡಸರ ಗಂಟಲು ಕೂಡಲಿಲ್ಲ. ಇಷ್ಟು ವರ್ಷ ನಮ್ಮ ಹೆಣ್ಣುಮಕ್ಕಳು ನಾವು ಹಿಡಿದ ಶ್ರುತಿಗೆ ಮೇಲಕ್ಕೆ ಎಟುಕದೆ, ಕೆಳಕ್ಕೆ ಸಿಗದೆ ಹಾಡಿದ್ದು ಆಗ ತಿಳಿಯಿತು. ಸಮಾನತೆಯ ಹಾಡಿಗೂ ಗಂಡಸೇ ಯಜಮಾನ.

ಆದರೆ ಅವಳ ಹಾಡಿನಲ್ಲಿ ಊರ ಗೌಡನ ಹೊಗಳಿಕೆ ಇತ್ತು. ಜಗಳ ಶುರುವಾಯಿತು. ಇದು ಜೀತದ ಹಾಡು, ಬೇಡ ಅಂದರು ಕೆಲವರು. ಅವಳ ಹಾಡು ತಿದ್ದೋಕೆ ನಾವ್ಯಾರು ಅಂದರು ಇನ್ನು ಕೆಲವರು. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ಅವಳೇ ನಕ್ಕಳು: 'ಮದುವೆ ಯಾರದೋ ಅವರ ಹೆಸರು ಹಾಕೋದು ಕಣ್ರಪ್ಪ. ಗೌಡ ಬ್ಯಾಡ ಅಂದ್ರೆ ನಮ್ಮಪ್ಪನ ಹೆಸರು ಹಾಕಿ.'

ನಾವು ಸಿದ್ಧಾಂತ ಹುಡುಕುತ್ತಿದ್ದ ಕಡೆ ಹಾಡಿನಲ್ಲೇ ಜಾಗ ಬಿಟ್ಟಿತ್ತು. ಸೋಬಾನೆಯಲ್ಲಿ ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಹಿಡಿಯುತ್ತಾರೆ, ಹೆಸರು ಬದಲಾಗುತ್ತದೆ. ಮಂಟೇಸ್ವಾಮಿಯ ನೀಲಗಾರರೂ ಸೊಲ್ಲು ಹಂಚಿಕೊಂಡೇ ರಾತ್ರಿಯಿಡೀ ಹಾಡಿದವರು. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ 1945-46ರ ಮುಷ್ಕರದಲ್ಲಿ ತಂಬಾಕು ಕಾರ್ಖಾನೆಯ ಕಪ್ಪು ಹೆಂಗಸರು ಚರ್ಚಿನ ಹಾಡನ್ನೇ ತಮ್ಮ ಹೋರಾಟದ ಹಾಡು ಮಾಡಿಕೊಂಡರು. ಅದು ಆಮೇಲೆ ಜಗತ್ತೆಲ್ಲ ಸುತ್ತಿತು.

ಹಾಗಂತ ಜನಕ್ಕೆ ಹಿಡಿಸಿದ್ದೆಲ್ಲ ಸರಿ ಅಂತ ಅಲ್ಲ. ಒಂದು ಏಪ್ರಿಲ್ 14ರಂದು ಸಿನಿಮಾ ರಾಗಕ್ಕೆ ನಮ್ಮ ಮಾತು ಕೂರಿಸಿದೆವು. ಜನ ಕುಣಿದರು. ಕುಣಿತ ತಪ್ಪಲ್ಲ, ನಾವೂ ಕುಣಿದೆವು. ಮಾರನೇ ದಿನ ಒಂದು ಸೊಲ್ಲೂ ಯಾರ ನಾಲಿಗೆ ಮೇಲೂ ಇರಲಿಲ್ಲ. ಕೇಳಿದವರು ಮುಂದಿನ ವಾರ ಬಂದು ತಾವೇ ಸೊಲ್ಲು ಎತ್ತುತ್ತಾರಾ? ಹಾಡು ಆರಿಸುವಾಗ ಈಗ ನಾವು ಇದೊಂದನ್ನೇ ನೋಡುತ್ತೇವೆ.

ಹಸಿವಿನ ಹಾಡನ್ನು ಬಿಟ್ಟಿಲ್ಲ. ವಾರವಾರ ಹಾಡೋದು ಬಿಟ್ಟಿದ್ದೇವೆ. ಮಲಗುಂಡಿಗೆ ಮನುಷ್ಯರನ್ನು ಇಳಿಸಬಾರದು ಅಂತ 2013ರಲ್ಲಿ ಕಾಯ್ದೆ ಬಂತು. ಸಾವು ನಿಂತಿಲ್ಲ. ಅಂಥ ಸುದ್ದಿ ಬಂದ ಒಂದು ಸಂಜೆ ಯಾರೂ ಹೇಳದೆಯೇ ಆ ಹಾಡು ಎದ್ದಿತು. ಬಿಟ್ಟು ಹೋದವರಲ್ಲಿ ಮೂವರು ಬಂದು ನಿಂತಿದ್ದರು. ಅವತ್ತು ಯಾರೂ ಬಸ್ಸಿನ ಲೆಕ್ಕ ಹಾಕಲಿಲ್ಲ.

ಬರುವ ಭಾನುವಾರ ಅವ್ವ ತನ್ನ ನಾದಿನಿಯನ್ನೂ ಕರೆತರುತ್ತಾಳಂತೆ. ಸೋಬಾನೆಯ ಮುಂದಿನ ಸೊಲ್ಲು ನಮಗಿನ್ನೂ ಬಾಯಿಗೆ ಬಂದಿಲ್ಲ.