ಇಂದಿನ ಚಿಂತನೆ: ಸಮ್ಮಾ ವಾಚಾ ಮತ್ತು ನಮ್ಮ ಫ್ಯಾಮಿಲಿ ಗ್ರೂಪು



ಕಳೆದ ಭಾನುವಾರದ ಓದಿನಲ್ಲಿ ಒಬ್ಬ ತಂಗಿ ಒಂದು ಪ್ರಶ್ನೆ ಕೇಳಿದರು. ರಾಜಕೀಯ, ಧರ್ಮ, ಜಾತಿ ಇವುಗಳ ಬಗ್ಗೆ ನಮಗೆಲ್ಲ ಒಂದೊಂದು ಅಭಿಪ್ರಾಯ ಇದ್ದೇ ಇರುತ್ತದೆ. ಧಮ್ಮದ ದಾರಿಯಲ್ಲಿ ನಡೆಯುವವರು ಅದನ್ನು ಹೇಳಬೇಕೋ, ನುಂಗಿಕೊಳ್ಳಬೇಕೋ? ಅಷ್ಟರಲ್ಲಿ ಟೀ ಬಂತು, ಮಾತು ಬೇರೆ ಕಡೆ ಹೋಯಿತು. ಇವತ್ತು ಬರೆಯುವ ಸರದಿ ನನ್ನದಾದ್ದರಿಂದ ಆ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ಉತ್ತರ ಅನ್ನುವುದಕ್ಕಿಂತ ನಾನು ಎಡವಿದ ಕಥೆ ಅಂದುಕೊಳ್ಳಿ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ನಮ್ಮದೊಂದು ಫ್ಯಾಮಿಲಿ ಗ್ರೂಪ್ ಇದೆ. ಮೂವತ್ತೆರಡು ಜನ. ಬೆಳಿಗ್ಗೆ ಹೂವಿನ ಚಿತ್ರ, ಹಬ್ಬಕ್ಕೆ ಶುಭಾಶಯ, ಯಾರಿಗಾದರೂ ಮಗು ಹುಟ್ಟಿದರೆ ಅಭಿನಂದನೆ. ಅದರಲ್ಲಿ ನಮ್ಮ ಭಾವ ಇದ್ದರು. ದೊಡ್ಡಕ್ಕನ ಯಜಮಾನರು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅಪ್ಪ ತೀರಿಕೊಂಡ ವರ್ಷ ನನ್ನ ಪಿಯುಸಿ ಫೀಸು ಕಟ್ಟಿದವರು ಅವರೇ. ಮನೆಗೆ ಕರೆಸಿ ಲೆಕ್ಕ ಹೇಳಿಕೊಟ್ಟವರೂ ಅವರೇ.

ನಿವೃತ್ತಿಯಾದ ಮೇಲೆ ಭಾವನ ಕೈಗೆ ಸ್ಮಾರ್ಟ್‌ಫೋನ್ ಬಂತು. ಮೊದಮೊದಲು ಮನೆಮದ್ದು, ಆಮೇಲೆ ಚುನಾವಣೆ, ಆಮೇಲೆ ಒಂದು ಧರ್ಮದವರ ಮೇಲಿನ ದೂರುಗಳು. ಒಂದು ದಿನ ಒಂದು ವಿಡಿಯೋ ಹಾಕಿದರು. ನಮ್ಮ ತಾಲ್ಲೂಕಿನಲ್ಲೇ ನಡೆದದ್ದು, ಆದ್ದರಿಂದ ಈ ಸಲ ಜಾತ್ರೆಯಲ್ಲಿ ‘ಅವರ’ ಅಂಗಡಿಗೆ ಯಾರೂ ಕಾಲಿಡಬಾರದು ಅಂತ ಕೆಳಗೆ ಬರೆದಿತ್ತು. ವಿಡಿಯೋದ ಹಿಂದಿದ್ದ ಬೋರ್ಡುಗಳು ಕನ್ನಡದಲ್ಲೇ ಇರಲಿಲ್ಲ. ಎರಡು ಸಲ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

ನಮ್ಮೂರ ಜಾತ್ರೆಗೆ ಬೆಂಡು-ಬತ್ತಾಸಿನ ಅಂಗಡಿ ಹಾಕುವ ಸಾಬರೊಬ್ಬರಿದ್ದಾರೆ. ಅವರ ತಂದೆಯೂ ಅದೇ ಅರಳಿಕಟ್ಟೆಯ ಪಕ್ಕ ಹಾಕುತ್ತಿದ್ದರು. ನಾವು ಹುಡುಗರು ಹತ್ತು ಪೈಸೆ ಕೊಟ್ಟರೆ ಪೊಟ್ಟಣ ಕಟ್ಟಿದ ಮೇಲೆ ಕೈಗೆ ಇನ್ನೆರಡು ಬತ್ತಾಸು ಇಡುತ್ತಿದ್ದರು. ವಿಡಿಯೋ ನೋಡಿದ ತಕ್ಷಣ ನನಗೆ ನೆನಪಾದದ್ದು ಅವರು. ಆದರೂ ನಾನು ಏನೂ ಬರೆಯಲಿಲ್ಲ.

ಒಂದೆರಡು ದಿನ ಅಲ್ಲ, ಮೂರು ತಿಂಗಳು. ನನ್ನ ಹತ್ತಿರ ಅದಕ್ಕೆ ಒಳ್ಳೆಯ ಕಾರಣವೂ ಇತ್ತು. ರಾಜರ ಮಾತು, ಕಳ್ಳರ ಮಾತು, ಮಂತ್ರಿಗಳ ಮಾತು, ಸೈನ್ಯದ ಮಾತು ಇವೆಲ್ಲ ತಿರಚ್ಛಾನ ಕಥೆ, ಅಂದರೆ ದಾರಿಗೆ ಅಡ್ಡ ಬರುವ ಹರಟೆ ಅಂತ ನಾವು ಸುತ್ತಗಳಲ್ಲಿ ಓದಿದ್ದೇವೆ. ನಾನು ಅದನ್ನು ಹಿಡಿದುಕೊಂಡೆ. ಬೆಳಿಗ್ಗೆ ಧ್ಯಾನಕ್ಕೆ ಕೂತಾಗ ‘ನಾನು ಜಗಳಕ್ಕೆ ಹೋಗಲಿಲ್ಲ’ ಅನ್ನುವ ಒಂದು ಸಣ್ಣ ಹೆಮ್ಮೆ ಕೂಡ ಮನಸ್ಸಿನಲ್ಲಿ ಸುಳಿಯುತ್ತಿತ್ತು. ಅದನ್ನು ಉಪೇಕ್ಖೆ ಅಂದುಕೊಂಡಿದ್ದೆ.

ಈಗ ಯೋಚಿಸಿದರೆ ಎರಡು ವಿಷಯ ಕಾಣುತ್ತವೆ. ಆ ಮಾತನ್ನು ಬುದ್ಧ ಹೇಳಿದ್ದು ಮನೆ ಬಿಟ್ಟು ಬಂದ ಭಿಕ್ಖುಗಳ ಹರಟೆ ಕುರಿತು. ಅದೇ ಬುದ್ಧ, ಮಗಧದ ಮಂತ್ರಿ ವಸ್ಸಕಾರ ವಜ್ಜಿಗಳ ಮೇಲೆ ಯುದ್ಧದ ವಿಷಯ ಎತ್ತಿಕೊಂಡು ಬಂದಾಗ ಸುಮ್ಮನಿರಲಿಲ್ಲ. ವಜ್ಜಿಗಳು ಆಗಾಗ ಸಭೆ ಸೇರುತ್ತಾರೆಯೇ, ಒಮ್ಮತದಿಂದ ಕೂರುತ್ತಾರೆಯೇ ಅಂತ ಮಂತ್ರಿಯ ಎದುರೇ ಆನಂದರನ್ನು ಕೇಳಿ, ಹಾಗಿರುವ ತನಕ ಅವರಿಗೆ ಕೇಡಿಲ್ಲ ಅಂದರು. ಕೂಟದಂತ ಸುತ್ತದಲ್ಲಿ ಕಳ್ಳತನ ನಿಲ್ಲಬೇಕಾದರೆ ಶಿಕ್ಷೆ ಸಾಲದು, ರೈತನಿಗೆ ಬಿತ್ತನೆ ಬೀಜ, ವ್ಯಾಪಾರಿಗೆ ಬಂಡವಾಳ, ನೌಕರನಿಗೆ ಸಂಬಳ ಕೊಡಬೇಕು ಅನ್ನುವ ಮಾತಿದೆ. ಇದು ರಾಜಕೀಯವಲ್ಲದೆ ಇನ್ನೇನು? ಇನ್ನು ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ರಾಜಕೀಯದಲ್ಲಿ ಭಕ್ತಿ ಸೇರಿದರೆ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿ ಅಂತ ಎಚ್ಚರಿಸಿದರು. ಅವರು ಅದನ್ನು ನುಂಗಿಕೊಳ್ಳಲಿಲ್ಲ.

ಎರಡನೆಯದು ನನ್ನನ್ನು ಹೆಚ್ಚು ಚುಚ್ಚಿದ್ದು. ನನ್ನ ಮೌನದಿಂದ ನಮ್ಮ ಗ್ರೂಪಿನ ಮೂವತ್ತೆರಡು ಜನಕ್ಕೂ ಏನೂ ನಷ್ಟ ಇರಲಿಲ್ಲ. ನಷ್ಟ ಆಗುವುದು ಬತ್ತಾಸಿನ ಸಾಬರಿಗೆ. ಅವರು ಆ ಗ್ರೂಪಿನಲ್ಲಿಲ್ಲ. ನನ್ನ ಶಾಂತಿಗೆ ಬೆಲೆ ತೆರುವವರು ಬೇರೆ ಯಾರೋ.

ಆಮೇಲೆ ಒಂದು ರಾತ್ರಿ, ಊಟ ಆದ ಮೇಲೆ, ಅದೇ ವಿಡಿಯೋ ಇನ್ನೊಂದು ಸಲ ಬಂತು. ಮೂರು ತಿಂಗಳು ಕಟ್ಟಿಟ್ಟದ್ದೆಲ್ಲ ಒಡೆದುಕೊಂಡು ಬಂತು. ವಿಡಿಯೋ ಎಲ್ಲಿಯದು, ಹೇಗೆ ಸುಳ್ಳು, ಎಲ್ಲ ಬರೆದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವರು ಒಂದು ಬೋರ್ಡು ಓದುವುದಕ್ಕೂ ಬಾರದಂತಾದಿರಾ ಅಂತ ಸೇರಿಸಿದೆ. ನಿಮ್ಮ ಭಕ್ತಿ ನಿಮ್ಮ ಬುದ್ಧಿಯನ್ನು ತಿಂದಿದೆ ಅಂತಲೂ ಬರೆದೆ. ಸೋದರತ್ತೆಯ ಮಗ ಹೆಬ್ಬೆರಳು ಒತ್ತಿದ, ಖುಷಿಯಾಯಿತು. ಬೆಳಿಗ್ಗೆ ನೋಡಿದರೆ ಭಾವ ಗ್ರೂಪ್ ಬಿಟ್ಟಿದ್ದರು.

ಹತ್ತು ಗಂಟೆಗೆ ಅಕ್ಕ ಫೋನ್ ಮಾಡಿದಳು. ಬೈಯಲಿಲ್ಲ. “ನೀನು ಹೇಳಿದ್ದು ಸರಿ ಇರಬಹುದು ಕಣೋ. ಆದ್ರೆ ನೀನು ಅವರಿಗೆ ಹೇಳ್ಲಿಲ್ಲ, ಊರಿಗೆಲ್ಲ ಹೇಳ್ದೆ” ಅಂದಳು. ಅಷ್ಟೇ.

ಅಕ್ಕ ಸುತ್ತಗಳನ್ನು ಓದಿದವಳಲ್ಲ. ಆದರೆ ಅವಳು ಫೋನಿಟ್ಟ ಮೇಲೆ ನನಗೆ ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತ ನೆನಪಾಯಿತು. ಬೇರೆಯವರಿಗೆ ಹಿಡಿಸದ ಮಾತನ್ನು ತಥಾಗತರು ಆಡುತ್ತಾರೆಯೇ ಅಂತ ರಾಜಕುಮಾರ ಕೇಳುತ್ತಾನೆ. ಹೌದು ಅಂದರೂ ಸಿಕ್ಕಿಬೀಳಬೇಕು, ಇಲ್ಲ ಅಂದರೂ ಸಿಕ್ಕಿಬೀಳಬೇಕು, ಅಂಥ ಪ್ರಶ್ನೆ. ಅವನ ತೊಡೆಯ ಮೇಲೆ ಒಂದು ಎಳೆಯ ಮಗು ಇರುತ್ತದೆ. ಬುದ್ಧ ಅದನ್ನೇ ತೋರಿಸಿ, ಈ ಮಗು ಕಲ್ಲನ್ನೋ ಕಡ್ಡಿಯನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯೆ ಅನ್ನುತ್ತಾರೆ. ರಕ್ತ ಬಂದರೂ ಬೆರಳು ಹಾಕಿ ತೆಗೆಯುತ್ತೇನೆ, ಮಗುವಿನ ಮೇಲೆ ಕರುಣೆ ಇದೆಯಲ್ಲ ಅನ್ನುತ್ತಾನೆ ಅವನು. ಆಗ ಬುದ್ಧರ ಉತ್ತರ: ಸುಳ್ಳನ್ನು ಆಡುವುದಿಲ್ಲ, ನಿಜವಾದರೂ ಪ್ರಯೋಜನವಿಲ್ಲದ್ದನ್ನು ಆಡುವುದಿಲ್ಲ, ನಿಜವೂ ಪ್ರಯೋಜನವೂ ಇದ್ದರೆ, ಕೇಳುವವರಿಗೆ ಹಿಡಿಸಲಿ ಬಿಡಲಿ, ಹೊತ್ತು ನೋಡಿ ಆಡುತ್ತೇನೆ.

ನಾವು ಈ ಸುತ್ತ ಓದುವಾಗ ಕಲ್ಲಿನ ಬಗ್ಗೆ, ರಕ್ತದ ಬಗ್ಗೆ ಬಹಳ ಮಾತಾಡಿದ್ದೆವು. ಮಗು ಎಲ್ಲಿತ್ತು ಅನ್ನುವುದನ್ನು ನಾನು ಗಮನಿಸಿರಲಿಲ್ಲ. ಅದು ತೊಡೆಯ ಮೇಲಿತ್ತು. ಭಾವನ ಬಾಯಲ್ಲಿ ಕಲ್ಲಿದ್ದದ್ದು ನಿಜ. ನಾನು ಅವರನ್ನು ಜಾತ್ರೆಯ ನಡುವೆ ನಿಲ್ಲಿಸಿ, ಎಲ್ಲರೂ ನೋಡುವ ಹಾಗೆ ಬಾಯಿಗೆ ಕೈ ಹಾಕಿದ್ದೆ.

ಇನ್ನೊಂದು ಕಲ್ಲಿನ ವಿಷಯ ಹೇಳಬೇಕು. ಹೋದ ವರ್ಷ ನಮ್ಮ ಬಳಗದ ಏಳು ಜನ ಕಲಬುರಗಿ ಜಿಲ್ಲೆಯ ಸನ್ನತಿಗೂ ಕನಗನಹಳ್ಳಿಯ ಸ್ತೂಪಕ್ಕೂ ಹೋಗಿ ಬಂದದ್ದು ನಿಮಗೆ ನೆನಪಿರಬಹುದು. ಭೀಮಾ ನದಿಯ ದಡದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಯ ಗುಡಿ 1980ರ ದಶಕದಲ್ಲಿ ಕುಸಿಯಿತು. ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಅಶೋಕನ ಶಾಸನ! ವಿಗ್ರಹ ನಿಲ್ಲಿಸಲು ಕೊರೆದ ಕಡೆ ಅಕ್ಷರಗಳು ಹೋಗಿವೆ, ಉಳಿದದ್ದು ಉಳಿದಿದೆ. ಒಂದು ಲೆಕ್ಕದಲ್ಲಿ ಆ ತಾಯಿಯೇ ಅದನ್ನು ಇಷ್ಟು ಶತಮಾನ ಕಾಪಾಡಿದಳು ಅಂತ ನನಗೆ ಅನ್ನಿಸಿತ್ತು.

ಅಲ್ಲಿ ಸಿಕ್ಕವುಗಳಲ್ಲಿ 12ನೆಯ ಶಿಲಾಶಾಸನವೂ ಒಂದು. ಎಲ್ಲ ಪಂಥಗಳಲ್ಲೂ ಸಾರ ಬೆಳೆಯಬೇಕು, ಅದಕ್ಕೆ ಮೂಲ ವಚಗುತಿ, ಅಂದರೆ ಮಾತಿನ ಕಾವಲು ಅನ್ನುತ್ತಾನೆ ಅಶೋಕ. ತನ್ನ ಪಂಥದ ಮೇಲಿನ ಮೋಹದಿಂದ ಅದನ್ನು ಹೊಗಳಿ ಬೇರೆಯವರದನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚು ಕೇಡು ಮಾಡುತ್ತಾನೆ ಅನ್ನುವುದೂ ಅದರಲ್ಲೇ ಇದೆ. ಇದು ನಮಗೆಲ್ಲ ಗೊತ್ತಿರುವ ಭಾಗ. ಅದರೊಳಗಿನ ಒಂದು ಸಣ್ಣ ಮಾತು ಮಾತ್ರ ನಾವು ದಾಟಿ ಹೋಗುತ್ತೇವೆ. ಸಂದರ್ಭವಿಲ್ಲದೆ ಹಳಿಯಬಾರದು, ಸಂದರ್ಭ ಬಂದರೂ ಹಗುರವಾಗಿರಬೇಕು ಅನ್ನುತ್ತದೆ ಶಾಸನ. ಅಂದರೆ ಸಂದರ್ಭ ಬರುತ್ತದೆ ಅಂತ ಅವನಿಗೆ ಗೊತ್ತಿತ್ತು. ಬಾಯಿಗೆ ಬೀಗ ಹಾಕಿ ಅನ್ನಲಿಲ್ಲ, ಬಾಗಿಲಲ್ಲಿ ಕಾವಲುಗಾರನನ್ನು ಇಡಿ ಅಂದ. ಕಾವಲುಗಾರ ಬಿಡಬೇಕಾದವರನ್ನು ಬಿಡಲೂಬೇಕಲ್ಲ.

ಕಳೆದ ತಿಂಗಳು ಭಾವನ ಮನೆಗೆ ಹೋದೆ. ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಕನ್ನಡಕದ ಮೇಲಿಂದ ನೋಡಿ, “ಏನಯ್ಯ, ಪಾಠ ಮಾಡಕ್ಕೆ ಬಂದ್ಯಾ?” ಅಂದರು.

“ಇಲ್ಲ ಭಾವ. ಎಲ್ಲರ ಮುಂದೆ ಹಾಗೆ ಬರೆದದ್ದು ತಪ್ಪಾಯ್ತು, ಅದನ್ನ ಹೇಳಕ್ಕೆ ಬಂದೆ. ಆದ್ರೆ ಆ ವಿಡಿಯೋ ನಮ್ಮೂರದ್ದಲ್ಲ, ಅದನ್ನೂ ಹೇಳ್ಬೇಕು.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಹೇಳಿದ್ದು ನಾನು ನಿರೀಕ್ಷಿಸಿದ್ದಲ್ಲ. “ನೀನು ಬುದ್ಧನ ಕಡೆ ಹೋದ ಮೇಲೆ ನಿಮ್ಮಮ್ಮನ ವರ್ಷಾಬ್ದಿಕಕ್ಕೆ ಬರ್ಲಿಲ್ಲ. ನಿಮ್ಮಕ್ಕ ಸತ್ಯನಾರಾಯಣ ಪೂಜೆಗೆ ಕರೆದ್ರೆ, ಅದೆಲ್ಲ ಮೂಢನಂಬಿಕೆ ಅಂತ ಅದೇ ಗ್ರೂಪಲ್ಲಿ ಬರೆದೆ. ಅವಳು ರಾತ್ರಿ ಎಲ್ಲ ಅತ್ತಳು. ಅವತ್ತು ನಿನ್ನ ಬಾಯಿ ಕಾಯ್ಕೊಂಡು ಯಾರಿದ್ರು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮೆಸೇಜು ಬರೆದದ್ದೇ ನನಗೆ ಮರೆತಿತ್ತು. ಪೂಜೆಯ ಬಗ್ಗೆ ನನ್ನ ಅಭಿಪ್ರಾಯ ಇವತ್ತೂ ಬದಲಾಗಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಚಂಕಿ ಸುತ್ತದಲ್ಲಿ ಹೇಳುವ ಹಾಗೆ, ‘ಇದು ನನ್ನ ನಂಬಿಕೆ’ ಅನ್ನುವವನು ಸತ್ಯವನ್ನು ಕಾಯುತ್ತಾನೆ, ‘ಇದೊಂದೇ ನಿಜ, ಮಿಕ್ಕದ್ದೆಲ್ಲ ಪೊಳ್ಳು’ ಅನ್ನುವ ತೀರ್ಮಾನಕ್ಕೆ ಹಾರಿದರೆ ಆ ಕಾವಲು ತಪ್ಪುತ್ತದೆ. ಹಾಗಂತ ಎಲ್ಲ ಮಾತೂ ಅಭಿಪ್ರಾಯವೇ, ಎಲ್ಲವೂ ಸಮ ಅಂತ ನಾನು ಒಪ್ಪುವುದಿಲ್ಲ. ದೇವರ ಬಗ್ಗೆ, ಪಾರ್ಟಿಯ ಬಗ್ಗೆ ಭಾವ ಒಂದು ಕಡೆ, ನಾನು ಒಂದು ಕಡೆ ಇರಬಹುದು. ಎಲ್ಲಿಯದೋ ವಿಡಿಯೋವನ್ನು ನಮ್ಮೂರದ್ದು ಅನ್ನುವುದು ಅಭಿಪ್ರಾಯವಲ್ಲ, ಅದು ಸುಳ್ಳು. ಅದರಿಂದ ಒಬ್ಬರ ಅನ್ನಕ್ಕೆ ಕಲ್ಲು ಬೀಳುತ್ತದೆ. ಆದರೆ ಅಕ್ಕನ ಪೂಜೆಯಿಂದ ಯಾರ ಅನ್ನಕ್ಕೂ ಕಲ್ಲು ಬಿದ್ದಿರಲಿಲ್ಲ. ಮಾತಾಡಬೇಕಾದ ಕಡೆ ಮೂರು ತಿಂಗಳು ಸುಮ್ಮನಿದ್ದವನು, ಸುಮ್ಮನಿರಬಹುದಾಗಿದ್ದ ಕಡೆ ಒಂದು ನಿಮಿಷವೂ ಕಾದಿರಲಿಲ್ಲ.

ಒಳಗೆ ಹೋಗಿ ಅಕ್ಕನ ಹತ್ತಿರ ಅದನ್ನೇ ಹೇಳಿದೆ. ಅವಳು ಒಗ್ಗರಣೆ ಹಾಕುತ್ತಿದ್ದಳು. “ಸರಿ, ಊಟಕ್ಕೆ ಕೂತ್ಕೋ” ಅಂದಳು.

ಊಟ ಮಾಡುವಾಗ ಭಾವನನ್ನು ಕೇಳಿದೆ: “ಬತ್ತಾಸಿನ ಸಾಬರನ್ನ ನೋಡಿ ಎಷ್ಟು ವರ್ಷ ಆಯ್ತು?” ಅವರು ಸಾರು ಕಲಸುತ್ತಾ, “ಅವನ ಮಗ ನನ್ನ ಸ್ಟೂಡೆಂಟು. ಲೆಕ್ಕದಲ್ಲಿ ಚುರುಕಾಗಿದ್ದ” ಅಂದರು. ಬೇರೇನೂ ಹೇಳಲಿಲ್ಲ. ನಾನೂ ಮುಂದೆ ಎಳೆಯಲಿಲ್ಲ.

ಭಾವ ಗ್ರೂಪಿಗೆ ವಾಪಸ್ ಬಂದಿಲ್ಲ. ಅವರ ಮನಸ್ಸು ಬದಲಾಯಿತೋ ಇಲ್ಲವೋ ಗೊತ್ತಿಲ್ಲ. ಮುಂದಿನ ವಾರ ಊರ ಜಾತ್ರೆ. ಅರ್ಧ ಕೆಜಿ ಬತ್ತಾಸು ತಂದುಕೊಡು ಅಂತ ಅಕ್ಕ ಹೇಳಿದ್ದಾಳೆ. ಅರಳಿಕಟ್ಟೆಯ ಪಕ್ಕ ಅಂಗಡಿ ಇರುತ್ತದೋ ಇಲ್ಲವೋ, ಹೋಗಿ ನೋಡಬೇಕು. ಆದ್ದರಿಂದ ಮುಂದಿನ ಭಾನುವಾರದ ಓದಿಗೆ ನಾನು ಬರುವುದಿಲ್ಲ, ದಯವಿಟ್ಟು ಬೇರೆ ಯಾರಾದರೂ ಸರದಿ ತೆಗೆದುಕೊಳ್ಳಿ.