ಬೆಂದ ಬೋಕಿಗೂ ಜಾಗವುಂಟು



ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಕೇಳುವುದು ನಮ್ಮ ರೂಢಿ. ಕುಡಿದು ಮನೆ ಹಾಳುಮಾಡಿದವನೋ ಜೈಲಿಗೆ ಹೋಗಿಬಂದವನೋ ವರ್ಷಗಳ ಮೇಲೆ ದೇವಾಲಯದ ಬಾಗಿಲಿಗೆ ಬಂದರೆ ಈ ಗಾದೆಯೇ ಮೊದಲು ನಾಲಿಗೆಗೆ ಬರುತ್ತದೆ. ಮನುಷ್ಯ ಒಂದು ಹಂತ ದಾಟಿದ ಮೇಲೆ ತಿದ್ದಲಾಗದಷ್ಟು ಗಟ್ಟಿಯಾಗುತ್ತಾನೆಯೇ? ಮಣ್ಣನ್ನೇ ಕೇಳಿ ನೋಡೋಣ.

ನಮ್ಮ ನೀಲಗಿರಿಯಲ್ಲಿ ಕೋತ ಹೆಂಗಸರು ತಲೆಮಾರುಗಳಿಂದ ಮಡಕೆ ಮಾಡುತ್ತಾ ಬಂದಿದ್ದಾರೆ. ಅವರಿಗದು ಕುಲಕಸುಬು, ನಮ್ಮಲ್ಲಿ ಬಿಡುವಿನಲ್ಲಿ ಮಣ್ಣು ಹಿಡಿಯುವವರಿಗೆ ಹವ್ಯಾಸ. ಮಣ್ಣಿನ ನಿಯಮ ಮಾತ್ರ ಎಲ್ಲರಿಗೂ ಒಂದೇ. ಜರಡಿ ಹಿಡಿದು ನಾದಿದ ಮಣ್ಣನ್ನು ಹುರಿಯಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಇಟ್ಟು ಕೈಯಲ್ಲೇ ಮಡಕೆ ಕಟ್ಟುತ್ತೇವೆ. ಅದು ವಾಲಿದರೆ, ನೆರಳಲ್ಲಿ ಒಣಗುವಾಗ ಸೀಳಿದರೆ, ನೀರಲ್ಲಿ ನೆನೆಹಾಕಿ ಮತ್ತೆ ನಾದಬಹುದು. ಆದರೆ ಕುಳಿಯಲ್ಲಿ ಬೆರಣಿ, ಮರದ ಹೊಟ್ಟು ತುಂಬಿ ಸುಟ್ಟಾಗ ಶಾಖ ಸುಮಾರು 600 ಡಿಗ್ರಿ ದಾಟಿತೆಂದರೆ ಮಣ್ಣಿನ ಕಣದೊಳಗೆ ಸೇರಿದ್ದ ನೀರೂ ಹೊರಟುಹೋಗುತ್ತದೆ. ಹೊಗೆಯ ಮಸಿ ಮೈಗೆ ಇಳಿಯುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಅದು ಹಸಿಮಣ್ಣಾಗದು.

ಪ್ರವಾದಿ ಯೆರೆಮೀಯನಿಗೆ ಇವೆರಡೂ ಗೊತ್ತಿತ್ತು. ಅವನ ಗ್ರಂಥದ 18ನೇ ಅಧ್ಯಾಯದಲ್ಲಿ ಕೈಯಲ್ಲಿ ಕೆಟ್ಟ ಹಸಿ ಮಡಕೆಯನ್ನು ಕುಂಬಾರ ಬೇರೆ ಮಡಕೆಯಾಗಿ ರೂಪಿಸುತ್ತಾನೆ. 19ನೆಯದರಲ್ಲಿ ಪ್ರವಾದಿ ಒಡೆದು ಹಾಕುವ ಮಡಕೆ ಮತ್ತೆ ಕೂಡುವುದಿಲ್ಲ. ಹಾಗಾದರೆ ನಮ್ಮ ಗಾದೆಯೇ ಗೆದ್ದಿತೇ?

ಇಲ್ಲ. ಒಡೆದ ಬೋಕಿಯನ್ನು ಪುಡಿಮಾಡಿ ಹೊಸ ಮಣ್ಣಿಗೆ ಬೆರೆಸುವ ಪದ್ಧತಿ ಕುಂಬಾರಿಕೆಯಲ್ಲಿದೆ. ಒಮ್ಮೆ ಬೆಂದ ಪುಡಿ ಒಣಗುವಾಗ ಮತ್ತೆ ಕುಗ್ಗುವುದಿಲ್ಲ; ಆದ್ದರಿಂದ ಅದು ಸೇರಿದ ಮಡಕೆ ಸೀಳುವುದು ಕಡಿಮೆ. ಬೋಕಿ ಹಸಿಮಣ್ಣಾಗಲಿಲ್ಲ ನಿಜ, ಆದರೆ ಹಸಿಮಣ್ಣಿಗೆ ಅದರಿಂದ ಬಲ ಬಂತು.

ಕುಡಿತ ಬಿಟ್ಟವನು ಇನ್ನೊಬ್ಬ ಕುಡುಕನ ಪಕ್ಕ ಕುಳಿತು ಹೇಳಬಲ್ಲದ್ದನ್ನು ನಾವು ಹೇಳಲಾರೆವು. ಅವನ ಹಳೆಯ ದಿನಗಳು ಅಳಿಸಿಹೋಗಿಲ್ಲ. ಅವನಿಂದ ನೊಂದ ಹೆಂಡತಿ ಮಕ್ಕಳಿಗೆ ಎಲ್ಲ ಮರೆತುಬಿಡಿ ಎನ್ನುವ ಹಕ್ಕೂ ನಮಗಿಲ್ಲ. ಅವನನ್ನು ಇನ್ನಷ್ಟು ಕುಟ್ಟುವ ಕೆಲಸವೂ ನಮ್ಮದಲ್ಲ. ಬದುಕೇ ಸಾಕಷ್ಟು ಕುಟ್ಟಿದೆ. ಪಾಪನಿವೇದನೆಯಲ್ಲಿ ದೇವರು ಕ್ಷಮಿಸಿದವನಿಗೆ ನಮ್ಮ ನಡುವೆ ಜಾಗವನ್ನೂ ಒಂದು ಕೆಲಸವನ್ನೂ ಕೊಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಮುಂದಿನ ಭಾನುವಾರ ಬಲಿಪೂಜೆಯ ಹೊತ್ತಿಗೆ ಅಂಥವರೊಬ್ಬರು ಬಾಗಿಲ ಬಳಿ ನಿಂತಿದ್ದರೆ, ಬೆಂಚಿನಲ್ಲಿ ಸ್ವಲ್ಪ ಸರಿದು ಕೂರೋಣ.