ಸರಿರಾತ್ರಿಯ ರೇಡಿಯೋ ಕೇಳದ ಪ್ರಶ್ನೆ

ನಮ್ಮ ಭಾಷೆಯಲ್ಲಿ 'ಕೇಳು' ಅನ್ನುವ ಒಂದೇ ಮಾತಿಗೆ ಎರಡು ಕೆಲಸ. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ನಮ್ಮ ಕೇರಿಯ ಹಿರೀಕರ ಪಾಲಿಗೆ ಬಂದದ್ದು ಮೊದಲನೆಯದು ಮಾತ್ರ. ಗೌಡರು ಹೇಳ್ತಿದ್ರು, ಇವರು ಕೇಳ್ತಿದ್ರು. ಎರಡನೇ ಅರ್ಥದಲ್ಲಿ ಕೇಳಿದವರಿಗೆ ಏನಾಯಿತು ಅನ್ನೋದನ್ನ ಗೆಳೆಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಹನ್ನೊಂದರ ಮೇಲೆ ಎಫ್‌ಎಂ ರೇಡಿಯೋದ ಮಾತುಕತೆಗಳಿಗೆ ಕಿವಿಗೊಟ್ಟ ನಮ್ಮನ್ನು ಈ ಎರಡು ಅರ್ಥಗಳು ಕಾಡತೊಡಗಿವೆ. ಒಬ್ಬನ ನೋವಿಗೆ ಕಿವಿಗೊಟ್ಟು, ಆ ನೋವು ಎಲ್ಲಿಂದ ಬಂತು ಅಂತ ಮಾತ್ರ ಕೇಳದೆ ಬಿಡುವುದು ನ್ಯಾಯವೆ?

ಆ ಹೊತ್ತಿನಲ್ಲಿ ರೇಡಿಯೋ ಹಚ್ಚುವವರು ಯಾರು? ಅಪಾರ್ಟ್‌ಮೆಂಟಿನ ಗೇಟು ಕಾಯುವವರು, ಆಟೋದವರು, ಗಾರ್ಮೆಂಟ್ಸಿಂದ ಬಂದು ಮೈನೋವಿಗೆ ನಿದ್ದೆ ಹತ್ತದ ಹೆಣ್ಣುಮಕ್ಕಳು, ಹಾಸ್ಟೆಲಿನ ನಮ್ಮಂಥವರು. ಹಗಲೆಲ್ಲ ಯಾರೂ 'ಉಂಡೆಯೇನಪ್ಪಾ' ಅನ್ನದ ಮನುಷ್ಯನನ್ನು ಒಂದು ಮೆತ್ತನೆ ದನಿ ವಿಚಾರಿಸಿದರೆ ಅದನ್ನು ಹೀಗಳೆಯುವ ದೊಡ್ಡಸ್ತಿಕೆ ನಮಗೆ ಬೇಡ.

ಆದರೆ ನಾವು ಕೇಳಿದ ಒಂದು ಫೋನು ಹೀಗಿತ್ತು. ಹುಡುಗ ಮೈಸೂರು ಸೀಮೆಯವನು. ಜೊತೆ ಕೆಲಸ ಮಾಡುವ ಹುಡುಗಿ ಮಾತು ಬಿಟ್ಟಿದ್ದಳು. ಯಾಕೆ ಅಂದರೆ, "ಊರು ಯಾವುದು ಅಂದ್ಲು, ಯೋಳ್ದೆ. ಊರಲ್ಲಿ ಯಾವ ಕಡೆ ಅಂದ್ಲು, ಅದ್ನೂ ಯೋಳ್ದೆ." ಅಷ್ಟೆ ಅಂದು ಸುಮ್ಮನಾದ. ಆ ಸುಮ್ಮನಿರುವಿಕೆಯಲ್ಲಿ ಎಲ್ಲ ಇತ್ತು. ಈ ಕಡೆಯ ದನಿ ಒಂದು ಗಳಿಗೆ ತಡವರಿಸಿ, "ಲೈಫಲ್ಲಿ ಇದೆಲ್ಲ ಕಾಮನ್ ಮಗಾ" ಅಂದು ಹಾಡು ಹಾಕಿತು.

ಆ ನಿರೂಪಕ ಕೆಟ್ಟವನೇನಲ್ಲ, ಅವನೂ ಸಂಬಳದವನು. ಖಾಸಗಿ ಎಫ್‌ಎಂ ಬೆಂಗಳೂರಿಗೆ ಬಂದದ್ದು 2001ರಲ್ಲಿ, ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಮುಟ್ಟಕೂಡದು ಅನ್ನುವ ಷರತ್ತಿನೊಂದಿಗೆ. (ಮುಟ್ಟಕೂಡದು ಅನ್ನುವ ಮಾತು ನಮಗೆ ಹೊಸದಲ್ಲ ಬಿಡಿ.) ಆಕಾಶದ ಅಲೆಗಳು ಜನರ ಸೊತ್ತು ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿಯಾಗಿತ್ತು. ಆದರೂ 2011ರ ನೀತಿ ಕೊಟ್ಟದ್ದು ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಬಿತ್ತರಿಸುವ ಅನುಮತಿ. ಅದೇ ನೀತಿ ಕೆಲವು ಸಂಗತಿಗಳನ್ನು ಸುದ್ದಿಯೇ ಅಲ್ಲ ಅಂತ ಪಟ್ಟಿ ಮಾಡಿತು: ಟ್ರಾಫಿಕ್ಕು, ಹವಾಮಾನ, ಪರೀಕ್ಷೆಯ ಫಲಿತಾಂಶ, ಸ್ಥಳೀಯ ಆಡಳಿತ ಕೊಡುವ ಕರೆಂಟು-ನೀರಿನ ಪ್ರಕಟಣೆ.

ಈ ನೀರಿನ ಮಾತನ್ನು ಇನ್ನಷ್ಟು ನೋಡೋಣ. ನಲ್ಲಿಗೆ ನೀರು ಎಷ್ಟು ಗಂಟೆಗೆ ಬರುತ್ತೆ ಅನ್ನುವುದು ದಿನನಿತ್ಯದ ಬದುಕು, ಹೇಳಬಹುದು. ಆ ನಲ್ಲಿಯ ಹತ್ತಿರ ಯಾರು ದೂರ ನಿಲ್ಲಬೇಕು ಅನ್ನುವುದು? ಅದು ವಿದ್ಯಮಾನ, ಹೇಳಬಾರದು. ನಮ್ಮವ್ವನಿಗೆ ಇವೆರಡೂ ಒಂದೇ ಕೊಡದೊಳಗಿನ ನೀರು. ಬದುಕು ಬೇರೆ, ರಾಜಕೀಯ ಬೇರೆ ಅಂತ ಗೆರೆ ಎಳೆದವರು ನಲ್ಲಿಯ ಮುಂದೆ ಎಂದೂ ಕಾದು ನಿಂತವರಲ್ಲ. ಷರತ್ತು ಬರೆದವರು ಜಾತಿಯನ್ನು ನೆನೆದು ಬರೆದರೆಂದು ನಾವು ಹೇಳುತ್ತಿಲ್ಲ. ನೆನೆಯಬೇಕಾಗಿಯೇ ಇರಲಿಲ್ಲ ಅವರಿಗೆ.

ರೇಡಿಯೋಕ್ಕೆ ಮೈಯಿಲ್ಲ, ದನಿಗೆ ಜಾತಿಯಿಲ್ಲ ಅನ್ನುವ ಗೆಳೆಯರಿದ್ದಾರೆ. 'ಹಾಲು' ಅನ್ನುವಲ್ಲಿ 'ಆಲು' ಅಂದು ನೋಡಲಿ. ಸ್ಟುಡಿಯೋದಲ್ಲಿ ಮೊದಲು ಏಳುವುದು ನಗು.

1963ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಡಬ್ಲ್ಯುವಿಒಎನ್ ಅನ್ನುವ ಪುಟ್ಟ ಕೇಂದ್ರ ಎದ್ದಿತು. ಹೆಸರಿನ ಕೊನೆಯ ಮೂರು ಅಕ್ಷರ ಬಿಡಿಸಿದರೆ 'ನೀಗ್ರೋ ದನಿ' ಅಂತಾಗುತ್ತಿತ್ತು. ಒಡೆಯರು ಬಿಳಿಯರೇ; ಕಪ್ಪು ಜನರ ಹಾಡಿನ ರೆಕಾರ್ಡು ಮಾರುತ್ತಿದ್ದ ಚೆಸ್ ಸೋದರರು. ಲಾಭದ ಲೆಕ್ಕವೂ ಇತ್ತು. ಆದರೂ ಅಲ್ಲಿ ವೆಸ್ಲಿ ಸೌತ್ ಎಂಬ ಕಪ್ಪು ಪತ್ರಕರ್ತ 'ಹಾಟ್‌ಲೈನ್' ಅನ್ನುವ ರಾತ್ರಿ ಮಾತುಕತೆ ನಡೆಸಿದ. ಅದೇ ಊರಲ್ಲಿ, ಅದೇ ವರ್ಷ ಅಕ್ಟೋಬರ್ 22ರಂದು ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಶಾಲೆಗೆ ಹೋಗಲಿಲ್ಲ. ಬಿಳಿಯರ ಶಾಲೆಗಳಲ್ಲಿ ಜಾಗವಿದ್ದರೂ ಕಪ್ಪು ಮಕ್ಕಳನ್ನು ಗಾಲಿ ಮೇಲಿನ ಡಬ್ಬಿ ಕೋಣೆಗಳಲ್ಲಿ ಕೂರಿಸಿದ್ದರು. ಮಗ ಡಬ್ಬಿಯಲ್ಲಿ ಕೂತು ಓದುತ್ತಾನೆ ಅಂತ ತಾಯಿಯೊಬ್ಬಳು ಹೇಳಿಕೊಂಡರೆ ಅದು ಮನೆವಾರ್ತೆಯೋ, ದೇಶದ ವಾರ್ತೆಯೋ?

ನಮ್ಮ ಬೀದರಿನ ಮಗ್ಗುಲಲ್ಲೇ, ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ, ದಲಿತ ಹೆಣ್ಣುಮಕ್ಕಳ ಸಂಘಂ ರೇಡಿಯೋ 2008ರಲ್ಲಿ ಶುರುವಾಯಿತು. ಬೀಜ, ಹೊಲ, ಕಾಯಿಲೆ, ಹಬ್ಬ ಎಲ್ಲವೂ ಅವರ ಆಡುಮಾತಿನಲ್ಲೇ. ಅಲ್ಲಿ 'ಆಲು' ಅಂದವರನ್ನು ನಗುವವರಿಲ್ಲ. ಆದರೆ ಸುದ್ದಿ ಕೂಡದು ಅನ್ನುವ ಷರತ್ತು ಸಮುದಾಯ ರೇಡಿಯೋಗಳಿಗೂ ಬಂದದ್ದೇ. ಖಾಸಗಿ ಎಫ್‌ಎಂಗೆ ಗಂಟೆಗೆ 10 ನಿಮಿಷ ಸುದ್ದಿ, ವಿದ್ಯಮಾನಕ್ಕೆ ಬಿಡಬಹುದು ಅಂತ 2023ರಲ್ಲಿ ಟ್ರಾಯ್ ಶಿಫಾರಸು ಮಾಡಿತು. ಬಿಟ್ಟರೆ ಆ ಹತ್ತು ನಿಮಿಷವನ್ನು ದಿಲ್ಲಿಯ ಜಗಳಕ್ಕೇ ತುಂಬಿಸುತ್ತಾರೆ ಅನ್ನುವ ಗುಮಾನಿ ನಮಗಿದೆ. ನಮಗೆ ಬೇಕಿರುವುದು ಅರ್ಧ ನಿಮಿಷ. ಫೋನಿನಲ್ಲಿ ಹುಡುಗ ಸುಮ್ಮನಾದಾಗ ಹಾಡು ಹಾಕದೆ, "ಯಾವ ಕಡೆ ಅಂದ್ರೆ ಏನಪ್ಪಾ?" ಅಂತ ಕೇಳಿ, ಅವನು ಬಾಯಿ ಬಿಡುವ ತನಕ ಕಾಯುವಷ್ಟು.